ಹಾಲಿನ ಕ್ಯಾನ್ ಪಕ್ಕ ನಿಂತು ಮಾಡಿದ ಆನ್‌ಲೈನ್ ಪಾಠ

"ಮೇಡಂ, ನಮ್ಮ ಹುಡುಗರಿಗೆ ಒಂದು ಆನ್‌ಲೈನ್ ಟ್ರೈನಿಂಗ್ ಬೇಕಿತ್ತು. ಪಿಪಿಟಿ ರೆಡಿ ಇದೆ. ಅದಕ್ಕೆ ವಾಯ್ಸ್ ಹಾಕಿ ಕೊಟ್ರೆ ಸಾಕು."

ನನಗೆ ಬರುವ ಫೋನ್‌ಗಳು ಬಹುತೇಕ ಹೀಗೇ ಶುರುವಾಗುತ್ತವೆ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಆಚೆ ನಂಜನಗೂಡಿನ ಕಾರ್ಖಾನೆಗಳು, ಮಂಡ್ಯ ಕಡೆಯ ಅಕ್ಕಿ ಗಿರಣಿ, ಹಾಲಿನ ಘಟಕಗಳು. ಇವರ ಸಿಬ್ಬಂದಿಗೆ ಮೊಬೈಲಿನಲ್ಲೇ ಕಲಿಯುವಂಥ ಪಾಠ ಮಾಡಿಕೊಡುವುದು ನನ್ನ ಕೆಲಸ. ಪಿಪಿಟಿ ಆಮೇಲೆ ನೋಡೋಣ, ಮೊದಲು ಕೆಲಸ ನಡೆಯುವ ಜಾಗ ತೋರಿಸಿ ಅಂತ ಕೇಳುತ್ತೇನೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ಸುಮ್ನೆ ಟೈಮ್ ಎಳೀತಾರೆ ಅನ್ನಿಸುತ್ತದೆ. ಆದರೆ ಕೆಲಸ ನೋಡದೆ ಮಾಡಿದ ಪಾಠ ಯಾರಿಗೂ ಉಪಯೋಗವಾಗಿದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಹಳ್ಳಿಗಳಿಂದ ಹಾಲು ಕೊಳ್ಳುವ ಒಂದು ಖಾಸಗಿ ಸಂಸ್ಥೆಯವರು ಬಂದಿದ್ದರು. ಹಾಲಿನ ದರ ನಿಲ್ಲುವುದು ಅದರ ಫ್ಯಾಟ್, ಅಂದರೆ ಕೊಬ್ಬಿನ ಅಂಶದ ಮೇಲೆ. ಹಾಲು ಹಾಕುವವರಿಗೂ ಹಾಲು ಪರೀಕ್ಷೆ ಮಾಡುವವರಿಗೂ ಅದರ ವಿಷಯಕ್ಕೆ ದಿನಾ ಜಗಳ. ಪರೀಕ್ಷಕರಿಗೆ ಮಿಷನ್ ನಡೆಸಲು ಸರಿಯಾಗಿ ಬರುವುದಿಲ್ಲ, ತರಬೇತಿ ಕೊಡಿ ಅಂದರು. ಅವರ ಪಿಪಿಟಿಯಲ್ಲಿ 64 ಸ್ಲೈಡ್ ಇದ್ದವು. ಕ್ಷೀರಕ್ರಾಂತಿಯ ಕಥೆ, ಹಾಲಿನಲ್ಲಿ ಏನೇನಿದೆ ಅನ್ನುವ ಪಟ್ಟಿ, ಸಂಸ್ಥೆ ನಡೆದು ಬಂದ ದಾರಿ. ಎಲ್ಲಾ ದಾಟಿ ನಲವತ್ತನೇ ಸ್ಲೈಡ್ ಆಚೆ ಒಂದು ಸಾಲು: "ಹಾಲನ್ನು ಚೆನ್ನಾಗಿ ಮಿಶ್ರಣ ಮಾಡಿ ಮಾದರಿಯನ್ನು ಸಂಗ್ರಹಿಸತಕ್ಕದ್ದು."

ಮದ್ದೂರು ತಾಲ್ಲೂಕಿನ ಒಂದು ಕೇಂದ್ರಕ್ಕೆ ಬೆಳಗ್ಗೆ ಆರಕ್ಕೆ ಹೋಗಿ ನಿಂತೆ. ಮಿಷನ್ ಮುಂದೆ ಇದ್ದ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಮಿಷನ್ ಅವನಿಗೆ ನೀರು ಕುಡಿದಷ್ಟು ಸಲೀಸು. ಯಾವ ಬಟನ್, ಎಷ್ಟು ಹೊತ್ತು, ಚೀಟಿ ಎಲ್ಲಿಂದ ಬರುತ್ತದೆ, ಎಲ್ಲಾ ಗೊತ್ತು. ತೊಂದರೆ ಇದ್ದದ್ದು ಮಿಷನ್‌ಗಿಂತ ಒಂದು ಹೆಜ್ಜೆ ಹಿಂದೆ. ಸಾಲು ಉದ್ದವಾದಾಗ ಅವನು ಕ್ಯಾನ್ ಕಲಕದೆ, ಮೇಲಿಂದಲೇ ಒಂದು ಸೌಟು ಎತ್ತಿ ಸ್ಯಾಂಪಲ್ ಬಾಟಲಿಗೆ ಬಿಡುತ್ತಿದ್ದ. ಹಾಲು ಕರೆದು ಇಟ್ಟರೆ ಕೊಬ್ಬು ಹಗುರ, ಮೇಲೆ ಬರುತ್ತದೆ. ಮೇಲಿನ ಹಾಲಿಗೆ ಜಾಸ್ತಿ ಫ್ಯಾಟ್, ಅಡಿಯ ಹಾಲಿಗೆ ಕಮ್ಮಿ. ನಾನು ಒಂದೇ ಕ್ಯಾನಿನಿಂದ ಎರಡು ಸಲ ಪರೀಕ್ಷೆ ಮಾಡಿಸಿದೆ. ಕಲಕದೆ ಮೇಲಿಂದ ತೆಗೆದದ್ದು 4.3. ಕಲಕುವ ಕೋಲನ್ನು ತಳದವರೆಗೆ ಬಿಟ್ಟು ಏಳೆಂಟು ಸಲ ಮೇಲೆ ಕೆಳಗೆ ಆಡಿಸಿ ತೆಗೆದದ್ದು 3.8. ಹುಡುಗ ಎರಡು ಚೀಟಿಯನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾ ನಿಂತುಬಿಟ್ಟ. ಬಿಡುವಿದ್ದಾಗ ಕಲಕಿ, ಗದ್ದಲದಲ್ಲಿ ಕಲಕದೆ ಬಿಟ್ಟರೆ ಒಬ್ಬರದೇ ಹಾಲು ಒಂದು ದಿನ ಹಾಗೆ, ಇನ್ನೊಂದು ದಿನ ಹೀಗೆ. ಜಗಳ ಆಗದೆ ಇರುತ್ತದಾ?

ಇನ್ನೊಂದು ಸಂಗತಿ ಬೇರೆ ಕೇಂದ್ರದಲ್ಲಿ ಕಣ್ಣಿಗೆ ಬಿತ್ತು. ಅಲ್ಲಿ ಒಬ್ಬರು ಸ್ಯಾಂಪಲ್ ಬಾಟಲಿಯನ್ನು ಜೋರಾಗಿ ಕುಲುಕಿ ಮಿಷನ್‌ಗೆ ಇಡುತ್ತಿದ್ದರು. ಚೆನ್ನಾಗಿ ಬೆರೆಯಲಿ ಅನ್ನುವ ಒಳ್ಳೆಯ ಉದ್ದೇಶ. ಆದರೆ ಆ ಮಿಷನ್ ಹಾಲಿನೊಳಗೆ ಶಬ್ದದ ಅಲೆ ಹಾಯಿಸಿ ಅಳೆಯುವಂಥದ್ದು. ನೊರೆ, ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ. ಬಾಟಲಿಯನ್ನು ಕುಲುಕಬಾರದು, ಮೆಲ್ಲಗೆ ಬುಡಮೇಲು ಮಾಡಿ ಮತ್ತೆ ನೆಟ್ಟಗೆ ಮಾಡಬೇಕು. ಇದು 64 ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ.

ಕೊನೆಗೆ ಆದ ಪಾಠ ನಾಲ್ಕು ತುಂಡು, ಒಂದೊಂದೂ ಎರಡು ಮೂರು ನಿಮಿಷ. ಮೊದಲನೆಯದು ಒಬ್ಬ ಹೆಂಗಸಿನ ಪ್ರಶ್ನೆಯಿಂದಲೇ ಶುರು: "ಯಾಕಪ್ಪ, ನೆನ್ನೆ ನಾಕು ಬಂದಿತ್ತು. ಇವತ್ತು ಮೂರೂವರೆ ಬಂದೈತಲ್ಲ? ಹಸನೂ ಅದೇಯ, ಮೇವೂ ಅದೇಯ." ಆಗ ಪರೀಕ್ಷಕ ಏನು ಮಾಡಬೇಕು? ಮೂರು ದಾರಿ ಇವೆ. "ಮಿಷನ್ ಏನ್ ತೋರ್ಸ್ತೋ ಅದನ್ನೇ ಬರ್ದಿವ್ನಿ ಕಣಕ್ಕ" ಅನ್ನಬಹುದು. ಅದೇ ಬಾಟಲಿಯನ್ನು ಇನ್ನೊಂದು ಸಲ ಮಿಷನ್‌ಗೆ ಇಡಬಹುದು. ಅಥವಾ ಹಾಲು ಕಲಕಿ ಹೊಸ ಸ್ಯಾಂಪಲ್ ತೆಗೆಯಬಹುದು. ಮೊದಲನೆಯದನ್ನು ಒತ್ತಿದರೆ ಆಕೆ ಮುಂದಿನ ವಾರದಿಂದ ಬೇರೆ ಕಡೆ ಹಾಲು ಹಾಕುತ್ತಾಳೆ. ಎರಡನೆಯದಕ್ಕೆ ಅದೇ ನಂಬರ್ ಮತ್ತೆ ಬರುತ್ತದೆ, ಆಕೆ ಬಾಟಲಿಯನ್ನೇ ನೋಡುತ್ತಾ ನಿಲ್ಲುತ್ತಾಳೆ. ತಪ್ಪು, ಸರಿ ಅನ್ನುವ ಕೆಂಪು ಹಸಿರು ಗುರುತು ಹಾಕಲೇ ಇಲ್ಲ. ಆಮೇಲೆ ಏನಾಯಿತು ಅನ್ನುವುದನ್ನಷ್ಟೇ ತೋರಿಸಿದೆವು.

ಈ ಮೂರೂ ಉತ್ತರಗಳನ್ನು ನಾನು ಕೂತು ಯೋಚಿಸಿ ಬರೆದದ್ದಲ್ಲ. ಎರಡು ಬೆಳಗ್ಗೆಗಳಲ್ಲಿ ಅಲ್ಲೇ ನಿಂತು ಕೇಳಿಸಿಕೊಂಡದ್ದು. ಪ್ರಶ್ನೆ ಮಾಡುವಾಗ ಸರಿ ಉತ್ತರ ಬರೆಯುವುದು ಸುಲಭ. ತಪ್ಪು ಉತ್ತರ ಬರೆಯುವುದೇ ಕಷ್ಟ. ಆಫೀಸಿನಲ್ಲಿ ಕೂತು ಬರೆದ ತಪ್ಪು ಉತ್ತರ ನೋಡಿದ ಕೂಡಲೇ ತಪ್ಪು ಅಂತ ಗೊತ್ತಾಗುತ್ತದೆ. ಉದ್ದ ಇರುವುದೇ ಸರಿ ಉತ್ತರ, "ಮೇಲಿನ ಎಲ್ಲವೂ" ಇದ್ದರೆ ಅದನ್ನೇ ಒತ್ತಬೇಕು ಅನ್ನುವುದು ಎಲ್ಲರಿಗೂ ರೂಢಿಯಾಗಿದೆ. ಪಾಠ ಓದದೆಯೇ ಪಾಸಾಗುತ್ತಾರೆ.

ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. "ಮಾದರಿಯನ್ನು ಸಂಗ್ರಹಿಸತಕ್ಕದ್ದು" ಅಂತ ಆ ಕೇಂದ್ರದಲ್ಲಿ ಯಾರೂ ಮಾತಾಡುವುದಿಲ್ಲ. "ಸ್ಯಾಂಪಲ್ ತಗೊಳ್ಳಿ" ಅನ್ನುತ್ತಾರೆ. ಪಾಠದಲ್ಲೂ ಅದೇ ಇರಬೇಕು. ಧ್ವನಿಗೆ ಸ್ಟುಡಿಯೋ ಕಲಾವಿದರನ್ನು ಕರೆಯುವ ಬದಲು ಹದಿನೈದು ವರ್ಷ ಹಾಲು ಪರೀಕ್ಷೆ ಮಾಡಿದ ಒಬ್ಬ ಹಿರಿಯರ ಹತ್ತಿರ ಓದಿಸಿದೆವು. ಓದಿಸಿದೆವು ಅನ್ನುವುದಕ್ಕಿಂತ, ಕಾಗದ ಪಕ್ಕಕ್ಕಿಟ್ಟು ಹೊಸ ಹುಡುಗನಿಗೆ ಹೇಳಿಕೊಡುವ ಹಾಗೆ ಹೇಳಿ ಅಂದೆವು. ಅವರು ಮಾತಾಡಿದ ಮೇಲೆ ನಾನು ಬರೆದಿದ್ದ ಅರ್ಧ ಸಾಲುಗಳನ್ನು ಹೊಡೆದುಹಾಕಿದೆ.

ತಾಂತ್ರಿಕ ಕಡೆ ಒಂದೆರಡು ಮಾತು. ಹಳೆಯ ಕನ್ನಡ ಫೈಲುಗಳು ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಪಾಠ ತಯಾರಿಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗಿ ಕೂರುತ್ತದೆ, ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿ ಸರಿ ಅನ್ನಬೇಡಿ. ಸಿಬ್ಬಂದಿಯ ಕೈಯಲ್ಲಿರುವ ಅಗ್ಗದ ಮೊಬೈಲಿನಲ್ಲೇ ತೆರೆದು ನೋಡಿ. ಪಾಠಗಳನ್ನು ಇಟ್ಟು ನಡೆಸಲು ದುಡ್ಡು ಕೊಟ್ಟು ವೇದಿಕೆ ಕೊಳ್ಳಲೇಬೇಕು ಅಂತಿಲ್ಲ. 2002ರಿಂದ ಇರುವ ಮೂಡಲ್ ಉಚಿತ, ಮುಕ್ತ ತಂತ್ರಾಂಶ. ನಮ್ಮ ಸಣ್ಣ ಸಂಸ್ಥೆಗಳಿಗೆ ಅದು ಧಾರಾಳ ಸಾಕು.

ಕೆಲವು ಸಲ ಪಾಠವೇ ಬೇಡ ಅಂತ ಹೇಳಿ ಬಂದಿದ್ದೇನೆ. ನಂಜನಗೂಡು ರಸ್ತೆಯ ಒಂದು ಕಾರ್ಖಾನೆಯಲ್ಲಿ ಹೆಂಗಸರು ಗ್ಲೌಸ್ ಹಾಕುತ್ತಿಲ್ಲ, ಸುರಕ್ಷತೆ ಬಗ್ಗೆ ಕೋರ್ಸ್ ಮಾಡಿಕೊಡಿ ಅಂದರು. ಹೋಗಿ ಒಬ್ಬರ ಪಕ್ಕ ಕೂತೆ. ಆಕೆ ಗ್ಲೌಸ್ ಹಾಕಿ ತೋರಿಸಿದರು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ. "ಇದನ್ನ ಹಾಕ್ಕೊಂಡು ಸ್ಕ್ರೂ ಹಿಡಿಯಕ್ಕೆ ಆಗುತ್ತಾ ಮೇಡಂ, ನೀವೇ ಹೇಳಿ" ಅಂದರು. ತಂದಿಟ್ಟಿದ್ದ ಗ್ಲೌಸ್ ಎಲ್ಲಾ ಗಂಡಸರ ಅಳತೆ. ಗ್ಲೌಸ್ ಯಾಕೆ ಹಾಕಬೇಕು ಅನ್ನುವುದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡದಿದ್ದರೆ ತರಬೇತಿ ಬೇಕು. ಗೊತ್ತಿದ್ದೂ ಮಾಡಲಾಗದಿದ್ದರೆ ಚಿಕ್ಕ ಅಳತೆಯ ಗ್ಲೌಸ್ ಬೇಕು. ಇದನ್ನು ಗೊತ್ತುಮಾಡಿಕೊಳ್ಳದೆ ಎಷ್ಟೋ ದುಡ್ಡು ಕೋರ್ಸುಗಳ ಮೇಲೆ ಸುರಿಯುವುದನ್ನು ನೋಡಿದಾಗ ಬೇಜಾರಾಗುತ್ತದೆ. ಕೊನೆಗೆ ಮಾತು ಬರುವುದು ಕೆಲಸ ಮಾಡುವವರ ಮೇಲೆ ಅಲ್ವಾ? "ಟ್ರೈನಿಂಗ್ ಕೊಟ್ಟರೂ ಕಲಿಯಲಿಲ್ಲ" ಅಂತ.

ಪಾಠ ಮುಗಿಸಿದ ದಿನ ಎಲ್ಲರಿಗೂ ಎಲ್ಲಾ ನೆನಪಿರುತ್ತದೆ. ತೊಂದರೆ ಆಮೇಲೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಲೆಕ್ಕ ಹಾಕಿ ಬರೆದದ್ದು 1885ರಲ್ಲಿ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್, ಕಾರ್ಪಿಕಿ ಇನ್ನೊಂದು ವಿಷಯ ತೋರಿಸಿದರು. ಪಾಠವನ್ನು ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದುವ ಬದಲು ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ಅದಕ್ಕೇ ನಾವು ಪಾಠ ಮತ್ತೆ ಕಳಿಸುವುದಿಲ್ಲ, ಪ್ರಶ್ನೆ ಕಳಿಸುತ್ತೇವೆ. ಮೂರನೇ ದಿನ, ಹತ್ತನೇ ದಿನ, ತಿಂಗಳಾದ ಮೇಲೆ, ವಾಟ್ಸಾಪ್‌ಗೆ ಒಂದೊಂದೇ ಪ್ರಶ್ನೆ. ಬೆಳಗಿನ ಹಾಲಿನ ಕೆಲಸ ಮುಗಿದು ಕೈ ಖಾಲಿಯಾಗುವ ಒಂಬತ್ತು ಗಂಟೆ ಹೊತ್ತಿಗೆ.

ತರಬೇತಿಗೆ ಫಲ ಸಿಕ್ಕಿತಾ ಅಂತ ನೋಡುವುದಕ್ಕೆ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದರು. ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬದಲಾದರಾ, ಸಂಸ್ಥೆಗೆ ಒಳ್ಳೆಯದಾಯಿತಾ. ಹೆಚ್ಚಿನವರು ಎರಡನೇ ಮೆಟ್ಟಿಲಿಗೇ ನಿಲ್ಲುತ್ತಾರೆ. "ಶೇ. 100 ಜನ ಮುಗಿಸಿದ್ದಾರೆ" ಅನ್ನುವ ವರದಿ ನೋಡಿ ಫೈಲ್ ಮುಚ್ಚುತ್ತಾರೆ. ಮೂರನೇ ಮೆಟ್ಟಿಲನ್ನು ಕಂಪ್ಯೂಟರ್ ತೋರಿಸುವುದಿಲ್ಲ, ಹೋಗಿಯೇ ನೋಡಬೇಕು. ಮೂರು ತಿಂಗಳ ನಂತರ ಅದೇ ಕೇಂದ್ರಕ್ಕೆ, ಹೇಳದೆ ಹೋದೆ. ಸಾಲು ದೊಡ್ಡದಿತ್ತು. ಹುಡುಗ ಪ್ರತಿ ಕ್ಯಾನಿಗೂ ಕೋಲು ಬಿಟ್ಟು ಕಲಕುತ್ತಿದ್ದ. ಆದರೆ ಕೊನೆಯ ನಾಲ್ಕೈದು ಜನಕ್ಕೆ ಎರಡೇ ಸಲ ಆಡಿಸಿ ಬಿಟ್ಟ. ವ್ಯಾನ್ ಬಂದು ಹಾರ್ನ್ ಹೊಡೆಯುತ್ತಿತ್ತು. ಅದನ್ನೂ ವರದಿಯಲ್ಲಿ ಬರೆದೆ. ವ್ಯಾನ್ ಹತ್ತು ನಿಮಿಷ ತಡವಾಗಿ ಬರುವಂತೆ ಮಾಡಿ ಅಂತ ಕೇಳಿದೆ. ಒಪ್ಪಿದ್ದಾರೆ.

ಇಂಥ ಪಾಠ ಮಾಡುವ ಕೆಲಸವನ್ನು ಯಾರಿಗಾದರೂ ಕೊಡುವ ಮೊದಲು ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಪಾಠದ ಮೂಲ ಫೈಲ್, ಫೋಟೋ, ಧ್ವನಿ ಎಲ್ಲಾ ನಿಮ್ಮ ಸಂಸ್ಥೆಗೆ ಸೇರಬೇಕು. ಬರೀ ತಯಾರಾದ ಪಾಠ ಮಾತ್ರ ಕೈಯಲ್ಲಿದ್ದರೆ ಒಂದು ಪದ ಬದಲಿಸಲೂ ಮತ್ತೆ ನಮ್ಮಂಥವರ ಹತ್ತಿರವೇ ಬರಬೇಕಾಗುತ್ತದೆ. ಕೆಲಸದ ಜಾಗದಲ್ಲಿ ವಸ್ತುಗಳು ಬದಲಾಗುತ್ತಲೇ ಇರುತ್ತವೆ. ಆ ಹಾಲಿನ ಕೇಂದ್ರಗಳಿಗೆ ಈಗ ಹೊಸ ಮಿಷನ್ ಬಂದಿದೆ, ತೊಳೆಯುವ ಬಟನ್ ಎಡಗಡೆಗೆ ಹೋಗಿದೆ. ಮುಂದಿನ ವಾರ ಕ್ಯಾಮೆರಾ ಹಿಡಿದುಕೊಂಡು ಮತ್ತೆ ಬೆಳಗ್ಗೆ ಆರಕ್ಕೆ ಹೋಗುತ್ತಿದ್ದೇನೆ.