ನಕ್ಷೆಯಿಂದ ಫೈಲಿಗೆ: ಕಂಪ್ಯೂಟರ್ ಕಟ್ಟಡದ ಕೆಲಸದಲ್ಲಿ ಬದಲಿಸಿದ್ದೇನು?

ಆರ್ಕಿಟೆಕ್ಚರ್ ಓದುವವರಿಗೆ ಡಿಜಿಟಲ್ ಡಿಸೈನ್ ಮತ್ತು ಫ್ಯಾಬ್ರಿಕೇಶನ್ (ಕಂಪ್ಯೂಟರಿನಲ್ಲಿ ವಿನ್ಯಾಸ, ಯಂತ್ರದಿಂದ ತಯಾರಿಕೆ) ಪಾಠ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಎದುರಾಗುತ್ತದೆ. ಸ್ಲೈಡುಗಳಲ್ಲಿ ಬಳುಕುವ ಕಟ್ಟಡಗಳು ಒಂದರ ಹಿಂದೊಂದು ಬರುತ್ತವೆ. ನೋಡಿ ನೋಡಿ, ಕಂಪ್ಯೂಟರ್ ಬಂತು, ಕಟ್ಟಡ ಡೊಂಕಾಯಿತು, ಅಷ್ಟೇ ವಿಷಯ ಅನ್ನಿಸಿಬಿಡುತ್ತದೆ. ಡೊಂಕು ಕಟ್ಟಡ ಮೊದಲೂ ಇತ್ತು, ಅಲ್ವಾ? ನನ್ನ ಪ್ರಕಾರ ಈ ಪಾಠದ ತಿರುಳು ಬೇರೆ. ಮೊದಲು ಡಿಸೈನರ್ ನಕ್ಷೆ ಬರೆಯುತ್ತಿದ್ದರು, ಮೇಸ್ತ್ರಿ ಅದನ್ನು ಓದಿ ಕಟ್ಟುತ್ತಿದ್ದರು. ಈಗ ಎಷ್ಟೋ ಕೆಲಸಗಳಲ್ಲಿ ಫೈಲ್ ನೇರವಾಗಿ ಯಂತ್ರಕ್ಕೆ ಹೋಗುತ್ತದೆ. ನಡುವೆ ಓದುವವರು ಯಾರೂ ಇಲ್ಲ. ಈ ಎಳೆ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಸಿಡ್ನಿ, ಆಮೇಲೆ ಬಿಲ್ಬಾವೊ

ಈ ಎರಡು ಊರುಗಳ ಎರಡು ಕಟ್ಟಡಗಳನ್ನು ಜೊತೆಗಿಟ್ಟು ಓದಿ. 1957ರಲ್ಲಿ ಡೆನ್ಮಾರ್ಕಿನ ಆರ್ಕಿಟೆಕ್ಟ್ ಯೋರ್ನ್ ಉಟ್ಸನ್ ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸ್‌ನ ಸ್ಪರ್ಧೆ ಗೆದ್ದರು. ಚಿಪ್ಪಿನಂಥ ಛಾವಣಿಗಳನ್ನು ಅವರು ಕೈಯಲ್ಲೇ ಬಿಡಿಸಿದ್ದರು. ಅವುಗಳ ಹಿಂದೆ ಜ್ಯಾಮಿತಿಯ ಸೂತ್ರ ಇರಲಿಲ್ಲ. ಓವ್ ಅರಪ್ ಅವರ ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ಒಂದೊಂದೇ ಆಕಾರ ಹಿಡಿದು ಲೆಕ್ಕ ಹಾಕಿದರು. ಆ ಕಾಲಕ್ಕೆ ಅಪರೂಪವಾಗಿದ್ದ ಕಂಪ್ಯೂಟರನ್ನೂ ಬಳಸಿದರು. ಲೆಕ್ಕ ಕೂಡಿದರೂ ಇನ್ನೊಂದು ಕಗ್ಗಂಟು ಇತ್ತು. ಕಾಂಕ್ರೀಟಿನ ಪ್ರತಿ ಪಕ್ಕೆಯೂ ಬೇರೆ ಬೇರೆ ಬಾಗಿದ್ದರೆ ಪ್ರತಿಯೊಂದಕ್ಕೂ ಬೇರೆ ಅಚ್ಚು ಮಾಡಬೇಕು. ಆ ಖರ್ಚು ತಾಳುವವರು ಯಾರು? 1961ರ ಹೊತ್ತಿಗೆ ದಾರಿ ಸಿಕ್ಕಿತು. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದ ತುಂಡುಗಳನ್ನಾಗಿ ಮಾಡಿಬಿಟ್ಟರು. ಗೋಳದ ಬಾಗು ಎಲ್ಲ ಕಡೆ ಒಂದೇ. ಹಾಗಾಗಿ ಅದೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಎರಕ ಹೊಯ್ಯಬಹುದಿತ್ತು. ಇಷ್ಟಾದರೂ ಖರ್ಚಿನ ಜಗಳ ಮುಗಿಯಲಿಲ್ಲ. ಉಟ್ಸನ್ 1966ರಲ್ಲಿ ಕೆಲಸ ಬಿಟ್ಟರು. ಕಟ್ಟಡ ತೆರೆದದ್ದು 1973ರಲ್ಲಿ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದಾಜು ಅಷ್ಟರಲ್ಲಿ 10 ಕೋಟಿ ದಾಟಿತ್ತು.

ಗಮನಿಸಬೇಕಾದ್ದು ಇಷ್ಟು. ಅಲ್ಲಿ ಆಕಾರವೇ ಬಗ್ಗಿ ಅಚ್ಚಿಗೆ ಹೊಂದಿಕೊಳ್ಳಬೇಕಾಯಿತು. ಒಂದೇ ತರಹದ್ದನ್ನು ನೂರು ಸಲ ಮಾಡಿದರೆ ಅಗ್ಗ, ನೂರು ತರಹ ಮಾಡಿದರೆ ದುಬಾರಿ ಅನ್ನುವುದು ಕಾರ್ಖಾನೆ ಯುಗದ ನಿಯಮ.

ಅಮೆರಿಕದ ಆರ್ಕಿಟೆಕ್ಟ್ ಫ್ರಾಂಕ್ ಗೆರಿ ಈ ನಿಯಮಕ್ಕೆ ಪೆಟ್ಟು ಕೊಟ್ಟರು. ತಮಾಷೆ ಏನೆಂದರೆ ಅವರು ಸ್ವತಃ ಕಂಪ್ಯೂಟರ್ ಮುಂದೆ ಕೂರುತ್ತಿರಲಿಲ್ಲ. ಕಾಗದ, ರಟ್ಟು, ಮರ ಸೇರಿಸಿ ಮಾಡೆಲ್ ಮಾಡುತ್ತಿದ್ದರು. ಅವರ ಕಚೇರಿಯವರು ಆ ಮಾಡೆಲ್ ಮೇಲೆ ಅಳತೆ ಕಡ್ಡಿ ಆಡಿಸಿ, ಒಂದೊಂದೇ ಬಿಂದುವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಅವರು ಬಳಸಿದ ಸಾಫ್ಟ್‌ವೇರ್ ಕಾಟಿಯಾ. ಫ್ರಾನ್ಸಿನ ದಸ್ಸೋ ಅದನ್ನು ವಿಮಾನಗಳಿಗಾಗಿ ಮಾಡಿಕೊಂಡಿತ್ತು. ನಮ್ಮ ವಾಯುಪಡೆಯ ರಫೇಲ್ ವಿಮಾನದ ಕಂಪನಿಯೇ ಅದು. ವಿಮಾನದ ಮೈಯೂ ಬಾಗಿದ್ದೇ ಆದ್ದರಿಂದ ಸಾಫ್ಟ್‌ವೇರ್ ಇಲ್ಲಿಗೂ ಒಗ್ಗಿತು. ಮೊದಲು 1992ರ ಒಲಿಂಪಿಕ್ಸ್ ಹೊತ್ತಿಗೆ ಬಾರ್ಸಿಲೋನಾದ ಕಡಲ ತೀರದಲ್ಲಿ ದೊಡ್ಡ ಮೀನಿನ ಶಿಲ್ಪಕ್ಕೆ ಬಳಸಿದರು. ಆಮೇಲೆ ಸ್ಪೇನಿನದೇ ಬಿಲ್ಬಾವೊದ ಗುಗನ್‌ಹೈಮ್ ಮ್ಯೂಸಿಯಂ. ಅದು 1997ರಲ್ಲಿ ತೆರೆಯಿತು, ಅದೂ ಹೆಚ್ಚೂಕಮ್ಮಿ ಅಂದುಕೊಂಡ ದುಡ್ಡಿನಲ್ಲೇ. ಅಲ್ಲಿನ ಉಕ್ಕಿನ ತುಂಡುಗಳಿಗೆ ಬಾರ್‌ಕೋಡ್ ಹಾಕಿದ್ದರು. ಸೈಟಿನಲ್ಲಿ ಸ್ಕ್ಯಾನ್ ಮಾಡಿದರೆ ಆ ತುಂಡಿನ ಜಾಗ ಮಾಡೆಲ್‌ನಿಂದಲೇ ಗೊತ್ತಾಗುತ್ತಿತ್ತು. ಅಳತೆಯ ಮೂಲ ಕಾಗದದ ನಕ್ಷೆಯಿಂದ ಮಾಡೆಲ್‌ಗೆ ಜಾರಿತು. ಆ ಮ್ಯೂಸಿಯಂ ಮೈಯ ಟೈಟಾನಿಯಂ ಹೊಳಪಿಗಿಂತ ನನಗೆ ಇದೇ ದೊಡ್ಡ ಸಂಗತಿ.

ಆಕಾರ ಬರೆಯುವ ಬದಲು ನಿಯಮ ಬರೆಯುವುದು

ಪ್ಯಾರಾಮೆಟ್ರಿಕ್ ಡಿಸೈನ್ ಅಂದಾಕ್ಷಣ ಎಲ್ಲರೂ ರೈನೋ ಅನ್ನುವ 3ಡಿ ಸಾಫ್ಟ್‌ವೇರ್ ತೆರೆದು ಅದರೊಳಗಿನ ಗ್ರಾಸ್‌ಹಾಪರ್‌ನಲ್ಲಿ ತಂತಿ ಎಳೆಯಲು ಶುರು ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಒಂದು ಮೆಟ್ಟಿಲು ತೆಗೆದುಕೊಳ್ಳೋಣ. ಮಹಡಿಯ ಎತ್ತರ 3000 ಮಿಲಿಮೀಟರ್. ಒಂದು ಮೆಟ್ಟಿಲ ಎತ್ತರ 160 ಮೀರಬಾರದು ಅನ್ನುವುದು ನಮ್ಮ ನಿಯಮ. ಭಾಗಿಸಿದರೆ 18.75 ಬರುತ್ತದೆ. ಮುಕ್ಕಾಲು ಮೆಟ್ಟಿಲು ಕಟ್ಟಲಾಗದು, ಆದ್ದರಿಂದ 19. ಒಂದೊಂದರ ಎತ್ತರ ಸುಮಾರು 158. ಈಗ ಮನೆಯವರು ಬಂದು ಮಹಡಿ 3300 ಬೇಕು ಅಂದರು. ನಕ್ಷೆ ಬರೆದಿದ್ದರೆ ಅಳಿಸಿ ಮತ್ತೆ ಬರೆಯಬೇಕು. ನಿಯಮ ಬರೆದಿದ್ದರೆ ಒಂದು ಸಂಖ್ಯೆ ಬದಲಿಸಿದರೆ ಸಾಕು. 21 ಮೆಟ್ಟಿಲು, ಒಂದೊಂದು 157ರ ಆಸುಪಾಸು, ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಪ್ಯಾರಾಮೆಟ್ರಿಕ್ ಅಂದರೆ ಇದೇ. ಮೆಟ್ಟಿಲು ನೇರವಾಗಿದ್ದರೂ ಅದು ಪ್ಯಾರಾಮೆಟ್ರಿಕ್. ಕಟ್ಟಡ ಎಷ್ಟೇ ಡೊಂಕಾಗಿದ್ದರೂ ನಿಯಮ ಇಲ್ಲದೆ ಸುಮ್ನೆ ಎಳೆದದ್ದು ಪ್ಯಾರಾಮೆಟ್ರಿಕ್ ಅಲ್ಲ.

ಇನ್ನು ನಿಯಮವನ್ನು ನೇರ ಯಂತ್ರದ ಕೈಗೆ ಕೊಟ್ಟರೆ ಏನಾಗುತ್ತದೆ? ಸ್ವಿಟ್ಜರ್‌ಲೆಂಡಿನ ಗಾಂಟೆನ್‌ಬೈನ್ ವೈನರಿಯ (ವೈನ್ ತಯಾರಿಸುವ ಜಾಗ) ಗೋಡೆ ನೋಡಿ. 2006ರದ್ದು. ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಗ್ರಾಮಾಟ್ಸಿಯೊ ಮತ್ತು ಕೋಹ್ಲರ್ ತಂಡ ರೋಬೋಟ್ ಕೈಯಿಂದ ಸುಮಾರು 20,000 ಇಟ್ಟಿಗೆ ಜೋಡಿಸಿತು. ಒಂದೊಂದು ಇಟ್ಟಿಗೆಯೂ ತುಸು ಬೇರೆ ಕೋನಕ್ಕೆ ತಿರುಗಿದೆ. ದೂರದಿಂದ ನೋಡಿದರೆ ಬುಟ್ಟಿ ತುಂಬ ದ್ರಾಕ್ಷಿ ಕಾಣುತ್ತದೆ. ಸಂದುಗಳಿಂದ ಗಾಳಿ ಬೆಳಕು ಒಳಗೆ ಬರುತ್ತವೆ. ಗೋಡೆಯ ಭಾಗಗಳನ್ನು ಲ್ಯಾಬಿನಲ್ಲೇ ಮಾಡಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಕೂರಿಸಿದರು. ಗಾರೆಯವರಿಗೆ ಈ ಕೆಲಸ ಕೊಟ್ಟರೆ ಒಂದೊಂದು ಇಟ್ಟಿಗೆಗೂ ಕೋನ ಅಳೆಯಬೇಕು. ರೋಬೋಟಿಗೆ ನೇರ ಇಟ್ಟಿಗೆ, ತಿರುಗಿದ ಇಟ್ಟಿಗೆ ಎರಡೂ ಒಂದೇ. ಸಿಡ್ನಿಯಲ್ಲಿ ಕಾಡಿದ್ದ ನಿಯಮ ಇಲ್ಲಿ ಸಡಿಲವಾಯಿತು.

ಯಂತ್ರದ ಹಟ

ರೋಬೋಟ್ ದೂರದ ಮಾತು ಅನ್ನಿಸಿದರೆ ನಮ್ಮ ಊರಿನ ಸಿಎನ್‌ಸಿ ಅಂಗಡಿಗೆ, ಅಂದರೆ ಕಂಪ್ಯೂಟರ್ ಫೈಲ್ ನೋಡಿ ಕತ್ತರಿಸುವ ಯಂತ್ರದ ಅಂಗಡಿಗೆ ಹೋಗಿ. ದೇವರ ಮನೆ ಬಾಗಿಲು, ಗೇಟಿನ ಜಾಲಿ, ಆಫೀಸಿನ ಪಾರ್ಟಿಶನ್ ಎಲ್ಲ ಅಲ್ಲೇ ಕತ್ತರಿಸುವುದು. ಡಿಜಿಟಲ್ ಫ್ಯಾಬ್ರಿಕೇಶನ್ ನಮ್ಮಲ್ಲಿ ಬೇರು ಬಿಟ್ಟಿರುವುದು ಇಂಥ ಅಂಗಡಿಗಳಲ್ಲಿ, ಸೆಮಿನಾರ್ ಹಾಲ್‌ಗಳಲ್ಲಿ ಅಲ್ಲ.

ಅಲ್ಲಿ ಕಲಿಯುವ ಮೊದಲ ಪಾಠ: ಮರ ಕೊರೆಯುವ ರೂಟರ್ ಯಂತ್ರದ ಬಿಟ್ (ಕತ್ತರಿಸುವ ಮೊನೆ) ದುಂಡಗಿದೆ. ಅದು ಹೊರ ಮೂಲೆಯನ್ನು ಚೂಪಾಗಿ ಕತ್ತರಿಸಬಲ್ಲದು, ಒಳ ಮೂಲೆಯನ್ನು ಆಗದು. 6 ಮಿಲಿಮೀಟರ್ ಬಿಟ್ ಆದರೆ ಒಳ ಮೂಲೆಯಲ್ಲಿ 3 ಮಿಲಿಮೀಟರ್ ದುಂಡು ಉಳಿಯುತ್ತದೆ. ಆ ತೂತಿಗೆ ಜೋಡಣೆಯ ಚೌಕದ ನಾಲಿಗೆ ಕೂರುವುದಿಲ್ಲ. ಬಡಗಿಯಾಗಿದ್ದರೆ ಉಳಿ ತೆಗೆದು ಮೂಲೆ ಬಿಡಿಸುತ್ತಿದ್ದರು, ನಮಗೆ ಹೇಳುತ್ತಲೂ ಇರಲಿಲ್ಲ. ಯಂತ್ರ ಫೈಲಿನಲ್ಲಿ ಇದ್ದದ್ದನ್ನಷ್ಟೇ ಮಾಡುತ್ತದೆ. ಹಾಗಾಗಿ ಮೂಲೆಯಲ್ಲಿ ಸಣ್ಣ ದುಂಡು ಕಚ್ಚನ್ನು ನಾವೇ ಫೈಲಿನಲ್ಲಿ ಇಡಬೇಕು. ಇದನ್ನು ಡಾಗ್‌ಬೋನ್ ಅನ್ನುತ್ತಾರೆ. ಪ್ಲೈವುಡ್ 18 ಮಿಲಿಮೀಟರ್ ಅಂತ ಬರೆದಿದ್ದರೂ ಕೈಗೆ ಬಂದ ಹಾಳೆ ಕೊಂಚ ತೆಳ್ಳಗಿರಬಹುದು, ಅದನ್ನೂ ಅಳೆದು ಫೈಲ್ ತಿದ್ದಬೇಕು. ಫೈಲಿನಲ್ಲಿ ಗೆರೆಯ ಮೇಲೆ ಗೆರೆ ಕೂತಿದ್ದರೆ ಲೇಸರ್ ಕಟರ್ ಅದೇ ಜಾಗವನ್ನು ಎರಡು ಸಲ ಸುಡುತ್ತದೆ. ಬಡಗಿಯ ಕೈಯಲ್ಲಿದ್ದ ತಿಳಿವಳಿಕೆ ಈಗ ಡಿಸೈನರ್ ತಲೆಗೆ ಬರಬೇಕು. ಇದು ಸಾಫ್ಟ್‌ವೇರ್ ಕಲಿಯುವುದಕ್ಕಿಂತ ಜಾಸ್ತಿ ಕಷ್ಟ.

ಪ್ರಿಂಟ್ ಮಾಡಿದ ಅಂಚೆ ಕಚೇರಿ

ಬೆಂಗಳೂರಿನ ಹಲಸೂರು ಕಡೆ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 2023ರ ಆಗಸ್ಟ್‌ನಲ್ಲಿ ಒಂದು ಅಂಚೆ ಕಚೇರಿ ಉದ್ಘಾಟನೆಯಾಯಿತು. ದೇಶದ ಮೊದಲ 3ಡಿ ಪ್ರಿಂಟೆಡ್ ಅಂಚೆ ಕಚೇರಿ. ಕಟ್ಟಿದ್ದು ಎಲ್ ಅಂಡ್ ಟಿ, ತಾಂತ್ರಿಕ ನೆರವು ಐಐಟಿ ಮದ್ರಾಸಿನದು. ಸುಮಾರು 1,021 ಚದರ ಅಡಿ, 43 ದಿನ.

ಕೆಲಸ ನಡೆಯುವುದು ಚಕ್ಕುಲಿ ಒತ್ತುವ ಹಾಗೆ. ನಳಿಗೆಯಿಂದ ಕಾಂಕ್ರೀಟ್ ಎಳೆ ಬರುತ್ತದೆ, ಪದರದ ಮೇಲೆ ಪದರ ಕೂರುತ್ತದೆ. ಕಷ್ಟ ಇರುವುದು ಹದದಲ್ಲಿ. ಪಂಪಿನಲ್ಲಿ ಸರಾಗ ಹರಿಯಬೇಕು, ಹೊರಗೆ ಬಂದ ಕೂಡಲೇ ಮೇಲಿನ ಪದರದ ಭಾರ ಹೊರಬೇಕು. ಮುಂದಿನ ಪದರ ತಡವಾದರೆ ಎರಡರ ನಡುವೆ ಬೆಸುಗೆ ಸಡಿಲ. ಲಾಭ ಏನೆಂದರೆ ಗೋಡೆಗೆ ಸೆಂಟ್ರಿಂಗ್ (ಕಾಂಕ್ರೀಟ್ ಹೊಯ್ಯಲು ಕಟ್ಟುವ ಅಚ್ಚು) ಬೇಡ. ಕಾಂಕ್ರೀಟ್ ಕೆಲಸದ ಖರ್ಚಿನಲ್ಲಿ ಸೆಂಟ್ರಿಂಗಿನದ್ದು ದೊಡ್ಡ ಪಾಲು ಅನ್ನುವುದು ಸೈಟಿನಲ್ಲಿ ನಿಂತವರಿಗೆಲ್ಲ ಗೊತ್ತು.

ಮಾಮೂಲಿ ರೀತಿಯಲ್ಲಿ ಇದಕ್ಕೆ ಆರರಿಂದ ಎಂಟು ತಿಂಗಳು ಹಿಡಿಯುತ್ತಿತ್ತು ಅಂತ ಆಗ ಸರ್ಕಾರಿ ಪ್ರಕಟಣೆ ಹೇಳಿತ್ತು. ಇಂಥ ಹೋಲಿಕೆಗಳನ್ನು ಉತ್ತರ ಪತ್ರಿಕೆಗೆ ಹಾಗೇ ಇಳಿಸಬೇಡಿ. ಗೋಡೆ ಅಂದರೆ ಇಡೀ ಕಟ್ಟಡ ಅಲ್ಲ. ತಳಪಾಯ, ವೈರಿಂಗ್, ಪ್ಲಂಬಿಂಗ್, ಬಾಗಿಲು ಕಿಟಕಿ ಪ್ರಿಂಟರಿನಿಂದ ಬರುವುದಿಲ್ಲ. ಕಬ್ಬಿಣದ ಪ್ರಶ್ನೆಯೂ ಇದೆ. ಕಾಂಕ್ರೀಟ್ ಒತ್ತುವ ಭಾರ ತಾಳುತ್ತದೆ, ಎಳೆತ ತಾಳುವುದಿಲ್ಲ. ಅದಕ್ಕೆ ಕಂಬಿ ಬೇಕು, ನಳಿಗೆ ಕಂಬಿ ಹಾಕುವುದಿಲ್ಲ.

ಇದಕ್ಕೆ ಒಂದು ಉತ್ತರ ಜ್ಯೂರಿಕ್ ಹತ್ತಿರದ ಡ್ಯೂಬೆನ್‌ಡಾರ್ಫ್‌ನ ಡಿಫ್ಯಾಬ್ ಹೌಸ್‌ನಲ್ಲಿದೆ. 2019ರಲ್ಲಿ ತೆರೆದ ಮೂರು ಮಹಡಿಯ ಮನೆ ಅದು. ಅಲ್ಲಿ ರೋಬೋಟ್ ಸೈಟಿನಲ್ಲೇ ಕಂಬಿ ಬಗ್ಗಿಸಿ, ಬೆಸೆದು ಬಾಗಿದ ಜಾಲರಿ ಮಾಡಿತು. ಕಾಂಕ್ರೀಟ್ ತುಂಬಿದಾಗ ಅಚ್ಚೂ ಅದೇ, ಒಳಗಿನ ಕಬ್ಬಿಣವೂ ಅದೇ. ಅದೇ ಮನೆಯ ಸ್ಲ್ಯಾಬಿಗೆ ಮರಳಿನ ಅಚ್ಚನ್ನು ಪ್ರಿಂಟ್ ಮಾಡಿದರು, ಕಾಂಕ್ರೀಟನ್ನು ಅಲ್ಲ. ಬಲ ಹರಿಯುವ ಕಡೆ ಮಾತ್ರ ದಪ್ಪ, ಉಳಿದ ಕಡೆ ಬರೀ 20 ಮಿಲಿಮೀಟರ್. ಮಾಮೂಲಿ ಸ್ಲ್ಯಾಬಿನ ಅರ್ಧಕ್ಕಿಂತ ಕಡಿಮೆ ತೂಕ. ಸಿಮೆಂಟ್ ತಯಾರಿಸುವಾಗ ಏಳುವ ಹೊಗೆ ನೆನಪಿಸಿಕೊಂಡರೆ, ಗೋಡೆ ಬೇಗ ಏಳುವುದಕ್ಕಿಂತ ಇದು ದೊಡ್ಡ ಲಾಭ ಅಂತ ನನಗನ್ನಿಸುತ್ತದೆ.

ಇನ್ನು ಬಿಐಎಂ, ಅಂದರೆ ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಇಡೀ ಕಟ್ಟಡದ ಮಾಹಿತಿ ಇರುವ 3ಡಿ ಮಾಡೆಲ್. ಪೈಪು ಬೀಮಿಗೆ ಬಡಿಯುತ್ತದಾ ಅಂತ ಕಟ್ಟುವ ಮೊದಲೇ ತೋರಿಸುವ ಸಾಧನ ಅಂತ ತಿಳಿದರೆ ಸದ್ಯಕ್ಕೆ ಸಾಕು. ಆದರೆ ಒಂದು ವಿಷಯ ಗೊತ್ತಿರಲಿ. ಎಷ್ಟೋ ಕಡೆ ಈಗಲೂ 3ಡಿ ಮಾಡೆಲ್ ಕೊಡುವಾಗ ಇದು ಮಾಹಿತಿಗಷ್ಟೇ ಅಂತ ಬರೆದು ಕೊಡುತ್ತಾರೆ. ಒಪ್ಪಂದದ ದಾಖಲೆ ಸಹಿ ಇರುವ 2ಡಿ ನಕ್ಷೆಯೇ. ಎರಡೂ ಬೇರೆ ಬೇರೆ ಹೇಳಿದರೆ ನಕ್ಷೆಯ ಮಾತೇ ನಡೆಯುತ್ತದೆ, ಯಂತ್ರ ಕತ್ತರಿಸಿದ್ದು ಮಾಡೆಲ್ ನೋಡಿ ಆಗಿದ್ದರೂ.