ಓದುಗರ ಪ್ರಶ್ನೆ: ನ್ಯೂಸ್‌ಗೆ ಫುಲ್ ಫಾರ್ಮ್ ಏನ್ರಿ ಸರ್?

ಮತ್ತದ ಪ್ರಶ್ನೆ ಬಂದೈತಿ. ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆ ಪಿಡಿಓ, ಎಫ್‌ಡಿಎ, ಪಿಎಸ್‌ಐ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದಾಕ ಹತ್ತಿರೋ ಹುಡುಗರು ಬ್ಯಾರೆ ಏನ್ ಬಿಟ್ರೂ ಇದನ್ನ ಬಿಡೂದಿಲ್ಲ. ನಾರ್ತ್, ಈಸ್ಟ್, ವೆಸ್ಟ್, ಸೌತ್, ನಾಕೂ ದಿಕ್ಕಿನ ಸುದ್ದಿ, ಹೌದಲ್ರಿ ಸರ್ ಅಂತ ಉತ್ತರಾನೂ ಅವರ ಹೇಳ್ತಾರ, ನನ್ನ ಕಡಿಂದ ಬರೇ ಹೌದು ಅನಿಸ್ಕೊಬೇಕು ಅಷ್ಟ.

ಹೌದಲ್ಲ. ನ್ಯೂಸ್‌ಗೆ ಫುಲ್ ಫಾರ್ಮ್ ಇಲ್ಲ.

ನ್ಯೂ ಅಂದ್ರ ಹೊಸಾದು, ಅದಕ್ಕ ಎಸ್ ಹಚ್ಚಿದ್ರ ಹೊಸಾವು, ಅಂದ್ರ ಹೊಸ ಸಂಗತಿಗಳು, ಮುಗೀತು. ಫ್ರೆಂಚ್‌ನಾಗೂ ಸುದ್ದಿಗೆ ನೂವೆಲ್ ಅಂತಾರ, ಅದರ ಅರ್ಥಾನೂ ಹೊಸಾವು ಅಂತನ. 16ನೇ ಶತಮಾನದಾಗ ಇಂಗ್ಲಿಷ್‌ನವರು ಇದನ್ನ ಎನ್, ಇ, ಡಬ್ಲ್ಯೂ, ಇ, ಎಸ್ ಅಂತ ಐದಕ್ಷರದಾಗೂ ಬರೀತಿದ್ರು. ನಾಕ ದಿಕ್ಕಿನ ಕತಿ ಖರೇ ಇದ್ರ ಆ ಇನ್ನೊಂದು ಇ ಎಲ್ಲಿಂದ ಬಂತು? ಅವಾಗ ಈ ಶಬ್ದಾನ ಬಹುವಚನ ಅಂತನೂ ಬಳಸ್ತಿದ್ರು, ಈಗ ಏಕವಚನ ಆಗೇತಿ, ನ್ಯೂಸ್ ಈಸ್ ಅಂತನ ಬರೀರಿ, ಆರ್ ಬರದ್ರ ಮಾರ್ಕ್ಸ್ ಹೋಗ್ತಾವ.

ಆದ್ರ ನನಗ ಬ್ಯಾಸರ ಇರೋದು ಇದೊಂದರ ಮ್ಯಾಲಲ್ಲ, ಇಂಥಾವು ಒಂದು ಗುಂಪ ಐತಿ. ಗುಲಾಬಿ ಹೂವಿನ ಫೋಟೋ, ಅದರ ಮ್ಯಾಲೆ ಹಳದಿ ಅಕ್ಷರದಾಗ ಗುಡ್ ಮಾರ್ನಿಂಗ್, ಕೆಳಗ ಫ್ಯಾಮಿಲಿ ಅಂದ್ರ ಫಾದರ್ ಅಂಡ್ ಮದರ್ ಐ ಲವ್ ಯೂ ಅಂತ. ಅಪ್ಪ ಅವ್ವನ ಮ್ಯಾಲೆ ಪ್ರೀತಿ ಇರಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಆ ಶಬ್ದ ಬಂದಿದ್ದು ಲ್ಯಾಟಿನ್ನಿನ ಫಮಿಲಿಯಾದಿಂದ, ಅದರ ಬೇರು ಫಾಮುಲಸ್, ಅಂದ್ರ ಆಳು. ರೋಮನ್ನರ ಕಾಲಕ್ಕ ಫಮಿಲಿಯಾ ಅಂದ್ರ ಒಬ್ಬ ಯಜಮಾನನ ಕೈಕೆಳಗ ಇದ್ದ ಇಡೀ ಮನಿ, ಜೀತದಾಳುಗಳೂ ಅದರಾಗ ಬರ್ತಿದ್ರು. ಎಷ್ಟು ದೊಡ್ಡ ಇತಿಹಾಸ ಐತಿ ನೋಡ್ರಿ ಆ ಒಂದು ಶಬ್ದದಾಗ, ಅದನ್ನ ಬಿಟ್ಟು ಫೋಟೋ ಮ್ಯಾಲಿಂದು ಬಾಯಿಪಾಠ ಮಾಡ್ತೀರಿ.

ಗಾಲ್ಫ್ ಅಂದ್ರ ಜಂಟಲ್‌ಮೆನ್ ಓನ್ಲಿ ಲೇಡೀಸ್ ಫರ್ಬಿಡನ್ ಅಂತ, ಇದೂ ಸುಳ್ಳು. 1457ರಾಗ ಸ್ಕಾಟ್ಲೆಂಡ್‌ನ ಎರಡನೇ ಜೇಮ್ಸ್ ರಾಜನ ಪಾರ್ಲಿಮೆಂಟ್ ಗಾಲ್ಫ್, ಫುಟ್‌ಬಾಲ್ ಎರಡನ್ನೂ ಬಂದ್ ಮಾಡಿತ್ತು, ಮಂದಿ ಬಿಲ್ವಿದ್ಯೆ ಪ್ರಾಕ್ಟೀಸ್ ಮಾಡ್ಲಿ ಅಂತ. ಅವಾಗ ಸ್ಕಾಟ್ಲೆಂಡ್‌ನಾಗ ಇಂಥಾ ಇಂಗ್ಲಿಷ್ ಬೋರ್ಡಿನ ಮೊದಲಕ್ಷರ ಕೂಡ್ಸಿ ಆಟಕ್ಕ ಹೆಸರಿಡ್ತಿದ್ರು ಅಂದ್ರ ನಂಬೋ ಮಾತಲ್ಲ.

ಚೆಸ್ ಮಾತ್ರ ಸ್ವಲ್ಪ ಮೋಸ ಮಾಡ್ತೈತಿ. ಚಾರಿಯಟ್, ಹಾರ್ಸ್, ಎಲಿಫಂಟ್, ಸೋಲ್ಜರ್ಸ್ ಅಂತಾರ, ನಮ್ಮ ಚತುರಂಗದಾಗ ರಥ, ಕುದರಿ, ಆನಿ, ಕಾಲಾಳು ಇರೋದು ಖರೇನ, ಹಂಗಾಗಿ ಕೇಳಿದವರು ತಲಿ ಅಲ್ಲಾಡಿಸ್ತಾರ. ಆದ್ರ ಚೆಸ್ ಅನ್ನೋ ಶಬ್ದ ಹುಟ್ಟಿದ್ದು ಪರ್ಷಿಯನ್ನಿನ ಶಾಹ್‌ನಿಂದ, ಶಾಹ್ ಅಂದ್ರ ರಾಜ, ಅದು ಹಳೇ ಫ್ರೆಂಚ್ ದಾಟಿ ಇಂಗ್ಲಿಷ್‌ಗೆ ಬಂತು. ಆಟ ನಮ್ಮದು, ಇಂಗ್ಲಿಷ್ ಹೆಸರು ನಮ್ಮ ಸೈನ್ಯದ ಲೆಕ್ಕದಿಂದ ಬಂದಿದ್ದಲ್ಲ.

ಮೊದಲಕ್ಷರ ಕೂಡ್ಸಿ ಶಬ್ದ ಮಾಡಿ ಅದನ್ನ ಮಾಮೂಲಿ ಮಾತಿನಂಗ ಓದೋ ರೂಢಿ ಜೋರಾಗಿದ್ದು 20ನೇ ಶತಮಾನದಾಗ, ಅದೂ ಮಹಾಯುದ್ಧಗಳ ಕಾಲಕ್ಕ. ಅಂಥಾ ಶಬ್ದಕ್ಕ ಅಕ್ರೊನಿಮ್ ಅನ್ನೋ ಹೆಸರು ರೂಢಿಗೆ ಬಂದಿದ್ದ 1940ರ ಸುಮಾರಿಗೆ. ಖರೇ ಫುಲ್ ಫಾರ್ಮ್ ಬೇಕಂದ್ರ ಇವನ್ನ ಕಲೀರಿ: ರೇಡಾರ್, ರೇಡಿಯೋ ಡಿಟೆಕ್ಷನ್ ಅಂಡ್ ರೇಂಜಿಂಗ್, 1940ರಾಗ ಅಮೆರಿಕದ ನೇವಿಯವರು ಇಟ್ಟ ಹೆಸರು. ಲೇಸರ್, ಲೈಟ್ ಆಂಪ್ಲಿಫಿಕೇಶನ್ ಬೈ ಸ್ಟಿಮ್ಯುಲೇಟೆಡ್ ಎಮಿಶನ್ ಆಫ್ ರೇಡಿಯೇಶನ್. ಸ್ಕೂಬಾ ಡೈವಿಂಗಿನ ಸ್ಕೂಬಾನೂ ಅಂಥಾದ್ದ. ನೂರಾರು ವರ್ಷದ ಹಳೇ ಶಬ್ದಕ್ಕ ಯಾರರೆ ಫುಲ್ ಫಾರ್ಮ್ ಹೇಳಿದ್ರ ಮೊದಲು ಡಿಕ್ಷನರಿ ತಗೀರಿ, ಒಳ್ಳೇ ಡಿಕ್ಷನರಿಯೊಳಗ ಅರ್ಥದ ಜೋಡಿ ಶಬ್ದ ಎಲ್ಲಿಂದ ಬಂತು ಅನ್ನೋದೂ ಇರ್ತೈತಿ, ಅದನ್ನ ಓದೋರ ಕಡಿಮಿ.

ಎಲ್ಲಿಂದ ಬಂತು ಅಂದ ಮ್ಯಾಲೆ ಇದೊಂದು ಹೇಳ್ಲೇಬೇಕು, ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ನಮ್ಮ ಕಡೆ ದಿನಾ ಕಿವಿಗೆ ಬೀಳೋ ಮಾತೊಂದು ಇಂಗ್ಲಿಷ್ ಡಿಕ್ಷನರಿಯೊಳಗ ಕುಂತೈತಿ. ಬ್ಯಾಂಡಿಕೂಟ್. ಕಾರಟಗಿ, ಸಿಂಧನೂರು ಕಡೆ ಕ್ಯಾಂಪಿನ, ಅಂದ್ರ ವಲಸೆ ಬಂದವರ ಊರಿನ ತೆಲುಗು ಮಂದಿ ಪಂದಿಕೊಕ್ಕು ಅಂತಾರಲ್ಲ, ಅದ. ಪಂದಿ ಅಂದ್ರ ಹಂದಿ, ಒಟ್ಟ ಅರ್ಥ ಹಂದಿ ಇಲಿ, ಅಂದ್ರ ನಮ್ಮ ಹೆಗ್ಗಣ. ಭತ್ತದ ಗದ್ದಿ ಬದುವಿನಾಗ ಬಿಲ ತೋಡಿ ತೆನಿ ಎಳಕೊಂಡು ಹೋಗಿ ಒಳಗ ಕೂಡಿಡ್ತೈತಿ, ಕೆಣಕಿದ್ರ ಗುರ್ ಗುರ್ ಅಂತ ಹಂದಿಯಂಗ ಸಪ್ಪಳ ಮಾಡ್ತೈತಿ. ಆ ಹೆಸರು 18ನೇ ಶತಮಾನದ ಕೊನೀಗೆ ಇಂಗ್ಲಿಷ್‌ನಾಗ ಬಂತು, ಅಲ್ಲಿಂದ ಆಸ್ಟ್ರೇಲಿಯಾಕ್ಕೂ ಹೋತು.

ಆದ್ರ ಆಸ್ಟ್ರೇಲಿಯಾದ ಬ್ಯಾಂಡಿಕೂಟ್ ಇಲಿ ಜಾತಿದಲ್ಲ, ಕಾಂಗರೂನಂಗ ಹೊಟ್ಟಿಚೀಲದಾಗ ಮರಿ ಸಾಕೋ ಪ್ರಾಣಿ, ಮೂತಿ ಉದ್ದ, ನೆಲ ಕೆದರಿ ಹುಳ ತಿಂತೈತಿ. ಪರೀಕ್ಷೆಯ ಇಂಗ್ಲಿಷ್ ಪ್ಯಾಸೇಜಿನಾಗ ಈ ಶಬ್ದ ಬಂದ್ರ ಮೊದಲು ದೇಶ ಯಾವ್ದು ನೋಡ್ರಿ. ಅಲ್ಲಿಯವರು ಅದನ್ನ ಕ್ರಿಯಾಪದಾನೂ ಮಾಡ್ಯಾರ, ಆಲೂಗಡ್ಡಿ ಗಿಡ ಮ್ಯಾಲೆ ಇದ್ದಂಗ ಬಿಟ್ಟು ಕೆಳಗಿನ ಗಡ್ಡಿ ಅಷ್ಟ ಕದ್ದು ಒಯ್ದ್ರ ಅದಕ್ಕೂ ಬ್ಯಾಂಡಿಕೂಟ್ ಅಂತಾರ.