ಅಧಿಕಾರಿಗಳು ಷೇರು ಮಾರಿದರೆಂಬ ಸುದ್ದಿಯನ್ನು ಓದುವ ಬಗೆ

ಷೇರುಪೇಟೆ ಇಳಿಯುವ ವಾರಗಳಲ್ಲಿ ಜಯನಗರದ ನಮ್ಮ ಲೆಕ್ಕಪರಿಶೋಧನಾ ಕಚೇರಿಗೆ ಬರುವವರು, ಅದರಲ್ಲೂ ನಿವೃತ್ತರು, ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಕಂಪನಿಯ ಮೇಲಧಿಕಾರಿಗಳೇ ತಮ್ಮ ಷೇರು ಮಾರುತ್ತಿರುವಾಗ ನಾವು ಇಟ್ಟುಕೊಂಡು ಕೂರುವುದು ಸರಿಯೇ? ಮಾರಾಟದ ದಿನಾಂಕವನ್ನು ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಾವಳಿಯಂತೆ, ಕಂಪನಿಯ ಒಳಮಾಹಿತಿ ತಿಳಿಯಬಲ್ಲ ನಿರ್ದೇಶಕರು ಮತ್ತು ಅಧಿಕಾರಿಗಳು ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಸಾಮಾನ್ಯವಾಗಿ ತಮ್ಮ ಕಂಪನಿಯ ಷೇರನ್ನು ಮುಟ್ಟುವಂತಿಲ್ಲ. ಹೀಗಾಗಿ ಮಗಳ ಮದುವೆಗೋ ಮನೆ ಸಾಲಕ್ಕೋ ಹಣ ಬೇಕಾದವರು ಟ್ರೇಡಿಂಗ್ ವಿಂಡೋ, ಅಂದರೆ ಅವರಿಗೆ ವಹಿವಾಟಿಗೆ ಅನುಮತಿಯಿರುವ ಅವಧಿ, ತೆರೆದ ಕೂಡಲೇ ಮಾರುತ್ತಾರೆ. ಫಲಿತಾಂಶ ನಿರಾಸೆ ತಂದಿದ್ದರೆ ಬೆಲೆ ಬೀಳುವುದೂ ಅದೇ ವಾರದಲ್ಲಿ. ನಿಯಮವೇ ಅಕ್ಕಪಕ್ಕ ತಂದಿಟ್ಟ ಈ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಭಾವಿಸಿ ಗಾಬರಿಯಾಗುವವರೇ ಹೆಚ್ಚು.

ಐಟಿ ಕಂಪನಿಗಳು ತುಂಬಿರುವ ಬೆಂಗಳೂರಿನಲ್ಲಿ ಇಎಸ್‌ಒಪಿಯ, ಅಂದರೆ ಉದ್ಯೋಗಿಗಳಿಗೆ ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಆಯ್ಕೆ ಕೊಡುವ ಯೋಜನೆಯ, ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಯ್ಕೆ ಚಲಾಯಿಸಿ ಷೇರು ಪಡೆದಾಗ, ಪೇಟೆ ಬೆಲೆಗೂ ಉದ್ಯೋಗಿ ತೆತ್ತ ಬೆಲೆಗೂ ಇರುವ ಅಂತರ ಸಂಬಳದ ಆದಾಯವಾಗುತ್ತದೆ. ಕೈಗೆ ಒಂದು ರೂಪಾಯಿ ಬಾರದಿದ್ದರೂ ಅದರ ಮೇಲೆ ತೆರಿಗೆ ಬೀಳುತ್ತದೆ. ಅದನ್ನು ತುಂಬಲು ಒಂದು ಪಾಲು ಮಾರುವುದು ವಾಡಿಕೆ. ಅಂಥ ಮಾರಾಟದಲ್ಲಿ ನಾನು ಯಾವ ಅರ್ಥವನ್ನೂ ಹುಡುಕುವುದಿಲ್ಲ.

ಇಂಥವರು ತ್ರೈಮಾಸಿಕವೊಂದರಲ್ಲಿ ನಡೆಸಿದ 10 ಲಕ್ಷ ರೂಪಾಯಿ ಮೀರಿದ ವಹಿವಾಟಿನ ವಿವರ ಎನ್‌ಎಸ್‌ಇ ಮತ್ತು ಬಿಎಸ್‌ಇ ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಸಿಗುತ್ತದೆ. ಅಲ್ಲಿ ಹೆಸರಿಗಿಂತ ಮೊದಲು ವಹಿವಾಟಿನ ವಿಧಾನವನ್ನು ನೋಡುವುದು ಒಳ್ಳೆಯದು. ಕುಟುಂಬದೊಳಗಿನ ವರ್ಗಾವಣೆಯನ್ನೂ ಸುದ್ದಿವಾಹಿನಿಗಳು ಕೆಲವೊಮ್ಮೆ ಮಾರಾಟವೆಂದೇ ಬಿಂಬಿಸುತ್ತವೆ. ಆದರೆ ಪ್ರವರ್ತಕರು, ಅಂದರೆ ಕಂಪನಿಯ ಹಿಡಿತವುಳ್ಳವರು, ಅಡವಿಟ್ಟ ಷೇರನ್ನು ಸಾಲ ಕೊಟ್ಟವರು ವಶಪಡಿಸಿಕೊಂಡಿದ್ದರೆ ಅದು ನಿಜಕ್ಕೂ ಕೆಟ್ಟ ಸೂಚನೆ, ಏಕೆಂದರೆ ಬೆಲೆ ಇಳಿದಂತೆ ಇನ್ನಷ್ಟು ಅಡಮಾನದ ಷೇರು ಪೇಟೆಗೆ ಬಂದು ಕುಸಿತವನ್ನು ಇನ್ನೂ ಆಳಕ್ಕೆ ಎಳೆಯುತ್ತದೆ.

ಇನ್ನೊಂದು ನಿಯಮದತ್ತ ಹೂಡಿಕೆದಾರರ ಗಮನ ಹೋಗುವುದು ಕಡಿಮೆ. ಷೇರು ಮಾರಿದ ಅಧಿಕಾರಿ ಮುಂದಿನ ಆರು ತಿಂಗಳು ಅದನ್ನು ಪೇಟೆಯಲ್ಲಿ ಮರಳಿ ಕೊಳ್ಳುವಂತಿಲ್ಲ. ಆದ್ದರಿಂದ ಬೆಲೆ ಈಗಾಗಲೇ ಸಾಕಷ್ಟು ಇಳಿದಿರುವಾಗ, ಹಣಕಾಸು ಮುಖ್ಯಸ್ಥರಂಥವರು ವರ್ಷಗಳಿಂದ ಇಟ್ಟುಕೊಂಡಿದ್ದ ಷೇರಿನ ದೊಡ್ಡ ಪಾಲನ್ನು ಮಾರಿದ್ದರೆ, ಚೇತರಿಕೆಗೆ ಮುನ್ನ ಅದನ್ನು ಅಗ್ಗಕ್ಕೆ ಮತ್ತೆ ಕೊಳ್ಳುವ ಅವಕಾಶವನ್ನು ಅವರು ತಿಳಿದೇ ಬಿಟ್ಟುಕೊಟ್ಟಿರುತ್ತಾರೆ. ಅಂಥ ಒಂದು ಮಾರಾಟ ಕಂಡಾಗ, ಕಂಪನಿಗೆ ಎಷ್ಟು ಹಣ ಬಂತು, ಎಷ್ಟು ಹೋಯಿತು ಎಂದು ತೋರಿಸುವ ನಗದು ಹರಿವಿನ ಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡಿ ಎಂದು ನಾನು ಕಕ್ಷಿದಾರರಿಗೆ ಹೇಳುತ್ತೇನೆ.